ಬಾಗಿಲು ತೆರೆದಷ್ಟು ಹೊತ್ತು

ರೋಮ್, 9 ಫೆಬ್ರವರಿ 1964

ಪ್ರೀತಿಯ ನಿವೆಸ್,

ನನ್ನ ಅಕ್ಷರ ಕಂಡ ಕೂಡಲೇ ಈ ಕಾಗದವನ್ನು ಒಲೆಗೆ ಹಾಕಬೇಡ. ಒಂಬತ್ತು ವರ್ಷಗಳಲ್ಲಿ ಹಬ್ಬಕ್ಕೊಂದು ಕಾರ್ಡು ಬಿಟ್ಟರೆ ನಾನು ನಿನಗೆ ಏನೂ ಬರೆದಿಲ್ಲ. ಆ ಕಾರ್ಡುಗಳಿಗೂ ನಿನ್ನಿಂದ ಉತ್ತರ ಬಂದಿಲ್ಲ. ಇವತ್ತು ಬರೆಯದೆ ವಿಧಿಯಿಲ್ಲ.

ನಿನ್ನೆ ನಿರ್ದೇಶಕ ವೆಜ್ಜಾನಿ ನನ್ನ ಕೋಣೆಗೆ ಬಂದಿದ್ದ. ಕೊಮಾಕ್ಯೊದ ಜವುಗಿನಲ್ಲಿ ಅವನು ತೆಗೆಯುತ್ತಿರುವ ಚಿತ್ರದ ಸಂಕಲನ ನಾನೇ ಮಾಡಬೇಕೆಂದು ಡಿಸೆಂಬರಿನಲ್ಲೇ ಮಾತಾಗಿತ್ತು. ಹಾವುಮೀನು ಹಿಡಿಯುವವನ ಹೆಂಡತಿಯ ಪಾತ್ರಕ್ಕೆ ಫೆರಾರಾದ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ ಎಂದ. "ಮುಖ ನೋಡ್ಬೇಕು ಕಣೋ ಒಲಿಂದೊ. ಅವಳು ಸುಮ್ನೆ ನಿಂತಿದ್ರೂ ಏನೋ ನಡೀತಾ ಇದೆ ಅನ್ಸತ್ತೆ." ಹೆಸರು ಕೇಳಿದೆ. ನಿವೆಸ್ ಜೆರ್ಬಿನಿ ಎಂದ. ನಿನ್ನ ತಾಯಿಯ ಮನೆತನದ ಹೆಸರಿನಲ್ಲಿ ನಾಟಕ ಆಡುತ್ತೀಯೆಂದು ಕೇಳಿದ್ದೆ. ನೀನು ನನ್ನ ಮಗಳು ಎಂದು ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ, ಪಾತ್ರ ಅಪ್ಪನ ದೆಸೆಯಿಂದ ಬಂತು ಎಂದು ನಾಳೆ ಯಾರಾದರೂ ಆಡಿಕೊಳ್ಳುತ್ತಿದ್ದರು.

ನಿನ್ನ ತುಣುಕುಗಳು ಮತ್ತೊಮ್ಮೆ ನನ್ನ ಮೇಜಿಗೆ ಬರುವುದು ನಿನಗೆ ಬೇಡವೆನಿಸಿದರೆ ಒಂದು ಸಾಲು ಬರೆ. ನಾನು ಈ ಕೆಲಸ ಬಿಡುತ್ತೇನೆ. ಬೆನ್ನುನೋವು ಎಂದರೆ ಯಾರೂ ಅನುಮಾನಪಡುವುದಿಲ್ಲ, ಅದು ನಿಜವೂ ಹೌದು.

ನಿನ್ನ ತಾಯಿ ಆರ್ಜಿಯಾಳಿಗೆ ನನ್ನ ನೆನಪು ತಿಳಿಸು, ಅವಳು ಕೇಳುವ ಮನಸ್ಸಿನಲ್ಲಿದ್ದರೆ.

ನಿನ್ನ ತಂದೆ,
ಒಲಿಂದೊ

*

ಕೊಮಾಕ್ಯೊ, 23 ಫೆಬ್ರವರಿ 1964

ಸನ್ಮಾನ್ಯ ಸ್ಪಾದೋನಿಯವರಿಗೆ,

ನೀವು ಕೆಲಸ ಬಿಡಬೇಕಾಗಿಲ್ಲ. ಬಿಟ್ಟರೆ ಆ ಭಾರವೂ ನನ್ನ ತಲೆಯ ಮೇಲೇ ಬೀಳುತ್ತದೆ.

ಅಮ್ಮ ನನ್ನ ಹತ್ತಿರ ಹೇಳುವಂತೆ, ನಿಮಗೆ ಆ ಸಂಜೆಯ ಕಥೆಯನ್ನು ಯಾರೂ ಪೂರ್ತಿ ಹೇಳಿಲ್ಲ. ಆಗ ಅಜ್ಜಿಗೆ ಹುಷಾರಿಲ್ಲದೆ ನಾವಿಬ್ಬರೂ ಫೆರಾರಾದಲ್ಲಿದ್ದೆವು, ನೀವು ರೋಮಿನಲ್ಲಿ. ನನಗೆ ಇಪ್ಪತ್ತು ವರ್ಷ. ನನ್ನ ಮೊದಲ ಚಿತ್ರ ಚೌಕದ ಟಾಕೀಸಿಗೆ ಬಂದಿತ್ತು. ನಾನು ಹೂ ಮಾರುವವಳಾಗಿ ನಾಯಕನ ಹತ್ತಿರ ಎರಡು ಮಾತು ಆಡುವ ದೃಶ್ಯ. ಅಮ್ಮ ಹೊಸ ಕೋಟು ಹೊಲಿಸಿದ್ದಳು. ಬೀದಿಯವರೆಲ್ಲ ಬಂದಿದ್ದರು. ಕ್ಷೌರದಂಗಡಿಯ ಇದೆಲ್ಮಾ ಪತ್ರಿಕೆಯಲ್ಲಿ ಸುತ್ತಿದ ಹೂವಿನ ಕಟ್ಟು ತಂದಿದ್ದಳು. ಮೊದಲರ್ಧ ಮುಗಿದಾಗ "ಎರಡನೇ ಅರ್ಧದಲ್ಲಿರ್ಬೇಕು ಬಿಡು" ಎಂದರು. ಎರಡನೇ ಅರ್ಧವೂ ಮುಗಿಯಿತು. ದೀಪ ಹತ್ತಿದಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ. ಇದೆಲ್ಮಾ ಹೂವನ್ನು ಏನು ಮಾಡುವುದೋ ತಿಳಿಯದೆ ಟಿಕೆಟು ಹರಿಯುವವನ ಕೈಗೆ ಕೊಟ್ಟುಬಿಟ್ಟಳು.

ನೀವು ಕತ್ತರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ದೃಶ್ಯ ಕೆಟ್ಟದಾಗಿತ್ತೋ ಏನೋ. ಆದರೆ ಕತ್ತರಿಸಿದ ಕೈ ಮನೆಗೆ ಒಂದು ಸಾಲು ಬರೆಯಬಹುದಿತ್ತು. ಅಮ್ಮ ಆ ಕೋಟನ್ನು ಮತ್ತೆ ಹಾಕಲಿಲ್ಲ, ರೋಮಿಗೂ ಬರಲಿಲ್ಲ.

ಈ ಚಿತ್ರದಲ್ಲಿ ನನ್ನದು ಒಂದೇ ದೃಶ್ಯ, ಆದರೆ ದೊಡ್ಡದು. ಗಂಡ ನೀರಿನಲ್ಲಿ ಮುಳುಗಿ ಸತ್ತ ಸುದ್ದಿ ತಂದು ಮೈದುನ ಬಾಗಿಲು ಬಡಿಯುತ್ತಾನೆ. ನಾನು ತೆರೆಯುತ್ತೇನೆ. ಅವನಿಗೆ ಬಾಯಿ ಬರುವುದಿಲ್ಲ. ನಾನು ಅಡುಗೆ, ಬಲೆ, ಮಳೆ ಅಂತ ಏನೇನೋ ಮಾತಾಡುತ್ತಾ ಹೋಗುತ್ತೇನೆ, ಅವನು ಸುದ್ದಿ ಹೇಳದಿರಲಿ ಎಂದು. ಮುಂದಿನ ವಾರ ತೆಗೆಯುತ್ತಾರೆ.

ನನ್ನ ತುಣುಕನ್ನು ಬೇರೆಯವರದನ್ನು ನೋಡಿದ ಹಾಗೆಯೇ ನೋಡಿ. ದಯೆ ಬೇಡ.

ನಿವೆಸ್ ಜೆರ್ಬಿನಿ

*

ರೋಮ್, 5 ಏಪ್ರಿಲ್ 1964

ಪ್ರೀತಿಯ ನಿವೆಸ್,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಉತ್ತರ ಬರೆಯಲು ಕೂತಾಗಲೆಲ್ಲ, ಆ ಹೂವಿನ ಕಟ್ಟಿನ ಹತ್ತಿರ ಬಂದು ಪೆನ್ನು ನಿಂತುಬಿಡುತ್ತಿತ್ತು. ಇದೆಲ್ಮಾ ನನಗೂ ಗೊತ್ತಿರುವವಳೇ.

ನಿನ್ನ ದೃಶ್ಯದ ಫಿಲ್ಮು ಬಂದಿದೆ. ಎಂದಿನಂತೆ ಮೂಕ. ನಾನು ಈ ಕೆಲಸಕ್ಕೆ ಸೇರಿದಾಗ ಚಿತ್ರಗಳಿಗೆ ಮಾತೇ ಇರಲಿಲ್ಲ, ಈಗಲೂ ನನ್ನ ಮೇಜಿಗೆ ಬರುವವರೆಲ್ಲ ಮೂಕರೇ. ದನಿ ಆಮೇಲೆ ಸೇರುತ್ತದೆ, ಬಹಳ ಸಲ ಬೇರೆ ಯಾರದೋ ದನಿ. ಅದು ಗೊತ್ತಿರುವುದರಿಂದ ಕ್ಯಾಮೆರಾ ಮುಂದೆ ಯಾರು ಏನು ಅಂದರೂ ನಡೆಯುತ್ತದೆ. ನಿನ್ನ ಹಿಂದೆ ಬಲೆ ನೇಯುತ್ತಾ ಹರಟುವ ಮುದುಕರಿಬ್ಬರು ನಿಜಕ್ಕೂ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ನನ್ನ ಸಹಾಯಕಿ ಫೆದೋರಾ ಅದನ್ನು ಕಂಡು ನಕ್ಕಳು. ನಲವತ್ತು ವರ್ಷ ತುಟಿ ನೋಡಿ ನೋಡಿ, ನನಗೆ ಆಡಿದ ಮಾತು ಕಿವಿಗೆ ಬಿದ್ದಷ್ಟೇ ಸ್ಪಷ್ಟ.

ನೀನು ಬಾಗಿಲು ತೆರೆಯುವುದನ್ನು ಮೂರು ಸಲ ತೆಗೆದಿದ್ದಾರೆ. ಮೊದಲೆರಡರಲ್ಲಿ ಬರೆದುಕೊಟ್ಟ ಮಾತನ್ನೇ ಆಡಿದ್ದೀಯ. ಮೂರನೆಯದರಲ್ಲಿ ಬಾಗಿಲು ತೆರೆದೆ, ಬಲಗೈಯನ್ನು ಏಪ್ರನ್ನಿಗೆ ಒರೆಸಿಕೊಂಡೆ. ನಿನ್ನ ತಾಯಿ ಜಗಳಕ್ಕೆ ನಿಲ್ಲುವ ಮೊದಲು ಕೈ ಒರೆಸಿಕೊಳ್ಳುತ್ತಾಳಲ್ಲ, ಥೇಟ್ ಹಾಗೆ. ಮೈದುನ ನಿಲ್ಲಬೇಕಾದ ಜಾಗದಲ್ಲಿ ಕ್ಯಾಮೆರಾ ಇತ್ತು. ನೇರ ಅದನ್ನೇ ನೋಡಿ ನೀನು ಹೇಳಿದ್ದು ಇದು:

"ಅಪ್ಪ, ನೀನು ನೋಡ್ತಿದ್ದೀಯ ಅಂತ ಗೊತ್ತು. ಈ ಸಲಾನೂ ಕತ್ತರಿಸೋದಿದ್ರೆ ಕತ್ತರಿಸು. ಆದ್ರೆ ಮೊದಲು ಹೇಳು. ನಮ್ಮನ್ನ ಟಾಕೀಸಲ್ಲಿ ಕೂರಿಸಿ ಹೇಳ್ಬೇಡ."

ಫೆದೋರಾ "ಇವಳು ಬರೆದಿದ್ದನ್ನ ಹೇಳ್ತಿಲ್ವಲ್ಲ, ಮೇಷ್ಟ್ರೇ. ಏನಂತಿದಾಳೆ?" ಎಂದಳು. ಗೊತ್ತಾಗಲಿಲ್ಲ ಎಂದೆ. ಯಂತ್ರ ನಿಲ್ಲಿಸಿ ಕಾಫಿ ಕುಡಿದು ಬರುತ್ತೇನೆಂದು ಹೊರಗೆ ಹೋದೆ. ಕಾಫಿ ಕುಡಿಯಲಿಲ್ಲ, ತುಸ್ಕೊಲಾನಾ ರಸ್ತೆಯ ತುದಿಯವರೆಗೂ ನಡೆದು ವಾಪಸಾದೆ.

ಮೊದಲು ಹೇಳುತ್ತೇನೆ, ನಿವೆಸ್.

ನಿನ್ನ ತಂದೆ,
ಒಲಿಂದೊ

*

ಫೆರಾರಾ, 26 ಏಪ್ರಿಲ್ 1964

ಅಪ್ಪನಿಗೆ,

ನೀವು ನನ್ನ ತುಟಿ ಓದಿಬಿಡುತ್ತೀರೆಂದು ಗೊತ್ತಿದ್ದೇ ಹೇಳಿದೆ. ಆದರೆ ಮೊದಲೇ ಯೋಚಿಸಿಕೊಂಡು ಹೋಗಿದ್ದಲ್ಲ. ಎರಡನೇ ಸಲ ಮುಗಿದಾಗ ವೆಜ್ಜಾನಿ ಬಂದು, "ಚೆನ್ನಾಗಿದೆ, ದನಿ ಬಗ್ಗೆ ತಲೆ ಕೆಡಿಸ್ಕೋಬೇಡ, ನಿನ್ನ ಫೆರಾರಾ ರಾಗ ರೋಮಿನಲ್ಲಿ ನಡೆಯಲ್ಲ, ಅಲ್ಲಿನ ಹೆಂಗಸೊಬ್ಬಳು ಮಾತಾಡ್ತಾಳೆ" ಎಂದ. ದನಿಯೂ ನನ್ನದಲ್ಲ, ಮಾತೂ ನನ್ನದಲ್ಲ ಎಂದ ಮೇಲೆ ಬಾಯಿಯನ್ನಾದರೂ ನನ್ನ ಕೆಲಸಕ್ಕೆ ಬಳಸಿಕೊಳ್ಳೋಣ ಅನ್ನಿಸಿತು. ಮಾತು ಮುಗಿದಾಗ ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅವರಿಗೆ ಏನೂ ಕೇಳಿಸಿರಲಿಲ್ಲ, ಗಾಳಿ ಅಷ್ಟಿತ್ತು.

ಅಮ್ಮ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ನಿವೆಸ್

ಒಲಿಂದೊ, ನಾನು ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ಆದ್ರೂ ಇದೆಲ್ಮಾಗೆ ಗೊತ್ತಾಗಿದೆ, ಅವಳಿಗೆ ಗೊತ್ತಾಗದೆ ಇರೋದು ಏನಿದೆ. "ಈ ಸಲ ಇರ್ತಾಳಾ?" ಅಂತ ದಿನಾ ಕೇಳ್ತಾಳೆ. ಅದನ್ನ ನಿನ್ನನ್ನೇ ಕೇಳ್ಬೇಕು ಅಂದಿದ್ದೀನಿ. ಆರ್ಜಿಯಾ.

*

ರೋಮ್, 14 ಜೂನ್ 1964

ಪ್ರೀತಿಯ ನಿವೆಸ್,

ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ, ಅದಕ್ಕೇ ಇನ್ನೂ ತೀರ್ಮಾನವಾಗದಿದ್ದರೂ ಬರೆಯುತ್ತಿದ್ದೇನೆ.

ನಿನ್ನ ದೃಶ್ಯ ಎಲ್ಲರಿಗೂ ಇಷ್ಟ. ಎರಡನೇ ಸಲ ತೆಗೆದದ್ದನ್ನು ಜೋಡಿಸಿ ತೋರಿಸಿದಾಗ ನಿರ್ಮಾಪಕನ ಹೆಂಡತಿ ಕಣ್ಣೊರೆಸಿಕೊಂಡಳು. ವೆಜ್ಜಾನಿ "ಇದನ್ನ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ" ಎಂದಿದ್ದಾನೆ. ನಾನು ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತದೆ. ಬೇಸರ ಇರುವುದು ನನಗೊಬ್ಬನಿಗೇ.

ಮೈದುನ ಏರಿಯ ಮೇಲೆ ನಡೆದು ಬರುವುದು ಬಹಳ ಹೊತ್ತು ಇದೆ. ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಬಾಯಿ ಅಲ್ಲಾಡಿಸುತ್ತಾ ಬರುತ್ತಾನೆ. ಬಾಗಿಲು ಬಡಿಯುತ್ತಾನೆ. ನೀನು ತೆರೆದು ಅವನನ್ನು ನೋಡುತ್ತೀಯ. ಅಲ್ಲಿಗೆ ಎಲ್ಲ ಮುಗಿದುಹೋಗುತ್ತದೆ. ಅವಳಿಗೆ ಗೊತ್ತಾಯಿತು ಎಂದು ನಮಗೂ ಗೊತ್ತಾಗುತ್ತದೆ. ಆಮೇಲೆ ನೀನು ಆಡುವ ಮಾತುಗಳೆಲ್ಲ ಚೆನ್ನಾಗಿವೆ, ಆದರೆ ಮುಗಿದದ್ದನ್ನೇ ಮತ್ತೆ ಮುಗಿಸುತ್ತವೆ. ಬೇರೆ ಕಡೆಗೆ ಸರಿಸಿ ನೋಡಿದೆ. ಅರ್ಧ ಮಾಡಿ ನೋಡಿದೆ. ಸರಿಯಾಗಲಿಲ್ಲ.

ನಾನು ತಪ್ಪಿರಬಹುದು. ಒಂಬತ್ತು ವರ್ಷದ ಹಿಂದೆ ನಿನ್ನನ್ನು ತೆಗೆದಾಗ ಇಷ್ಟು ಸಲ ನೋಡಿರಲಿಲ್ಲ. ಜುಲೈ ಮೊದಲ ವಾರ ಕೊನೆಯ ಕತ್ತರಿ.

ನಿನ್ನ ತಂದೆ,
ಒಲಿಂದೊ

*

ಫೆರಾರಾ, 21 ಜೂನ್ 1964

ಅಪ್ಪ,

ದಯೆ ಬೇಡ ಎಂದು ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ.

ನಮ್ಮ ನಾಟಕದ ಕಂಪನಿ ಈಸ್ಟರ್ ಆದಮೇಲೆ ಮುಚ್ಚಿತು. ನಿಮಗೆ ಹೇಳಿರಲಿಲ್ಲ. ಬೆಳಿಗ್ಗೆ ಹೊತ್ತು ಚಿಕ್ಕಮ್ಮನ ಅಂಗಡಿಯಲ್ಲಿ ಹಿಟ್ಟಿನ ಹಾಳೆಗೆ ಕುಂಬಳಕಾಯಿ ಹೂರಣ ತುಂಬಿ ಕಪೆಲ್ಲಾಚಿ ಮಡಿಸುತ್ತೇನೆ. ತುರಿನ್‌ನ ಕಂಪನಿಯೊಂದರ ಯಜಮಾನ, ಚಿತ್ರದಲ್ಲಿ ನೀನು ಮಾತಾಡುವುದನ್ನು ನೋಡಿ ತೀರ್ಮಾನ ಮಾಡುತ್ತೇನೆ ಎಂದಿದ್ದಾನೆ. ದನಿ ಬೇರೆಯವರದಾದರೂ ಪರವಾಗಿಲ್ಲವಂತೆ, ಮಾತಾಡುವಾಗ ಮುಖ ಹೇಗಿರುತ್ತದೆ ನೋಡಬೇಕಂತೆ. ನನಗೆ ಇಪ್ಪತ್ತೊಂಬತ್ತು ತುಂಬಿತು. ಇನ್ನೊಬ್ಬರು ಯಾರೂ ಹೀಗೆ ಹೇಳುವುದಿಲ್ಲ.

ಚಿತ್ರಕ್ಕೆ ಒಂದು ದೃಶ್ಯ ಜಾಸ್ತಿಯಾದರೆ ಏನಾಗಿಬಿಡುತ್ತದೆ? ಜನ ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡುತ್ತಾರೆ. ನೀವು ಸುಮ್ಮನಿದ್ದರೆ ಸಾಕು ಎಂದು ನೀವೇ ಬರೆದಿದ್ದೀರಿ. ಸುಮ್ಮನಿರಿ, ಅಪ್ಪ. ಒಂದು ಸಲ ಸುಮ್ಮನಿರಿ.

ನಿವೆಸ್

*

ರೋಮ್, 2 ಜುಲೈ 1964

ನಿವೆಸ್,

ಭಾನುವಾರ ಬೆಳಗಿನ ಗಾಡಿಗೆ ಫೆರಾರಾಕ್ಕೆ ಬರುತ್ತಿದ್ದೇನೆ. ಸಂಜೆಗೆ ಹೊರಟುಬಿಡುತ್ತೇನೆ. ಆರ್ಜಿಯಾಳಿಗೆ ಅಡುಗೆಯ ತಾಪತ್ರಯ ಬೇಡ ಎಂದು ಹೇಳು.

ಅಪ್ಪ

*

ಫೆರಾರಾ, 19 ಜುಲೈ 1964

ಒಲಿಂದೊ,

ಮಗಳು ನಿನಗೆ ಬರೆಯೋದಿಲ್ಲ ಅಂತಾಳೆ. ಅದಕ್ಕೆ ನಾನೇ ಕೂತಿದ್ದೀನಿ.

ಆವತ್ತು ಬಾಗಿಲು ತೆಗೆದ್ರೆ ನೀನು ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಒಳಗೆ ಬಾ ಅನ್ನೋಕೂ ಬಿಡಲಿಲ್ಲ. "ಕತ್ತರಿಸಿದೆ, ಆರ್ಜಿಯಾ. ಮಾತೆಲ್ಲ ಹೋಯ್ತು. ಮುಖ ಉಳಿದಿದೆ" ಅಂದೆ. ನಾನು ಕೈ ಒರೆಸ್ಕೊಂಡು ಬಾಯಿ ತೆಗೆದೆ. ಒಂಬತ್ತು ವರ್ಷದಿಂದ ಕೂಡಿಟ್ಟ ಬೈಗುಳ ಇತ್ತು ನನ್ನ ಹತ್ರ. ಒಂದೂ ಹೊರಗೆ ಬರಲಿಲ್ಲ. ನೀನು ಇಷ್ಟು ಮುದುಕ ಆಗಿದ್ದೀಯ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅವಳು ಅಡುಗೆಮನೇಲಿದ್ದೋಳು ಎಲ್ಲ ಕೇಳಿಸ್ಕೊಂಡ್ಲು. "ಸರಿ" ಅಂದ್ಲು, ಹಿಟ್ಟು ಮಡಿಸೋದು ನಿಲ್ಲಿಸಲಿಲ್ಲ. ನೀನು ಅವಳ ಬೆನ್ನಿನ ಹತ್ರ ಎಷ್ಟು ಹೊತ್ತು ನಿಂತಿದ್ದೆ, ಏನಾದ್ರೂ ಹೇಳಬಹುದಿತ್ತು. ಊಟಕ್ಕೆ ಅವಳು ಬರಲಿಲ್ಲ. ನೀನೂ ತಟ್ಟೆಯಲ್ಲಿ ಕೈಯಾಡಿಸಿ ಎದ್ದೆ. ನನ್ನ ಅಡುಗೆ ಅಷ್ಟು ಕೆಟ್ಟೋಗಿಲ್ಲ, ಅದು ಬೇರೆ ಮಾತು.

ನೀನು ಹೋದ ಮೇಲೆ ಅವಳು ವಾರ ಪೂರ್ತಿ ಮಾತಾಡಲಿಲ್ಲ. ನಾನೂ ನಿನ್ನ ಮೇಲೆ ಹಲ್ಲು ಕಡೀತಾನೇ ಇದ್ದೆ. ಸುಮ್ನಿರೋಕೆ ಏನಾಗಿತ್ತು ನಿನಗೆ? ಆಮೇಲೆ ಒಂದು ಬೆಳಿಗ್ಗೆ ಹಿಟ್ಟು ಲಟ್ಟಿಸ್ತಾ ಇದ್ದೋಳು ಇದ್ದಕ್ಕಿದ್ದ ಹಾಗೆ, "ಕಾಗದದಲ್ಲಿ ಬರೀಬಹುದಿತ್ತಲ್ಲ, ಅಷ್ಟು ದೂರದಿಂದ ಯಾಕಮ್ಮ ಬಂದ?" ಅಂದ್ಲು. "ಮೊದಲು ಹೇಳು ಅಂದೋಳು ನೀನೇ ತಾನೆ" ಅಂದೆ. ಅವಳು ಲಟ್ಟಣಿಗೆ ಕೆಳಗಿಟ್ಟು ಹಿತ್ತಲಿಗೆ ಹೋದ್ಲು. ಅತ್ತಳು ಅನ್ಸತ್ತೆ. ನಾನು ಹಿಂದೆ ಹೋಗಲಿಲ್ಲ.

ಕುರ್ಚಿ ಮೇಲೆ ನಿನ್ನ ಬಿಳಿ ಕೈಗವಸು ಬಿಟ್ಟುಹೋಗಿದ್ದೀಯ. ಭಾನುವಾರಾನೂ ಫಿಲ್ಮು ಮುಟ್ಟೋ ಕೈಗವಸು ಜೇಬಲ್ಲಿಟ್ಕೊಂಡು ತಿರುಗ್ತೀಯಲ್ಲ, ನೀನು ಬದಲಾಗೋನಲ್ಲ. ಒಗೆದಿಟ್ಟಿದ್ದೀನಿ. ಅಂಚೆಯಲ್ಲಿ ಕಳಿಸೋದಿಲ್ಲ.

ಆರ್ಜಿಯಾ

*

ರೋಮ್, 1 ನವೆಂಬರ್ 1964

ಪ್ರೀತಿಯ ನಿವೆಸ್,

ಚಿತ್ರ ಇದೇ ತಿಂಗಳು ಇಪ್ಪತ್ತಕ್ಕೆ ಫೆರಾರಾಕ್ಕೆ ಬರುತ್ತದೆ, ಅದೇ ಚೌಕದ ಟಾಕೀಸಿಗೆ. ಅದಕ್ಕೆ ಮೊದಲು ಒಂದೆರಡು ಮಾತು.

ವೆಜ್ಜಾನಿ ನನ್ನ ಕೈ ಮುರಿಯಲಿಲ್ಲ. ಕತ್ತರಿಸಿದ್ದನ್ನು ತೋರಿಸಿದ ದಿನ ಅವನು ಬಾಗಿಲಿನ ಹತ್ತಿರ ಬೆನ್ನು ತಿರುಗಿಸಿ ನಿಂತುಬಿಟ್ಟ. ಬೈಯುತ್ತಾನೆ ಎಂದುಕೊಂಡೆ. "ಹೀಗೇ ಇರ್ಲಿ" ಎಂದು ಹೊರಟುಹೋದ. ನೀನು ಯಾರೆಂದು ಆಗ ಹಿಂದಿನಿಂದ ಕೂಗಿ ಹೇಳಿದೆ. ಅವನು ಮೆಟ್ಟಿಲ ಮೇಲಿಂದ ವಾಪಸು ಬಂದು ನನ್ನನ್ನೇ ನೋಡಿದ.

ನೀನು ಸರಿಯಾಗಿ ತಿಳಿದಿರಬೇಕು. ನೀನು ಆ ಚಿತ್ರದಲ್ಲಿ ಇರುವುದು ಬಾಗಿಲು ತೆರೆದು ಅವನನ್ನು ನೋಡುವಷ್ಟು ಹೊತ್ತು ಮಾತ್ರ. ನಾನು ಈಗ ಪೆನ್ನು ಕೆಳಗಿಟ್ಟು, ಕಿಟಕಿ ನೋಡಿ, ಮತ್ತೆ ಎತ್ತಿಕೊಂಡೆನಲ್ಲ, ಅಷ್ಟು. ಎರಡನೇ ಅರ್ಧದಲ್ಲಿ ಬರುತ್ತೀಯ. ಮತ್ತೆ ಕಾಣುವುದಿಲ್ಲ. ಬೀದಿಯವರನ್ನು ಕರೆಯುವುದು ಬಿಡುವುದು ನಿನ್ನ ಇಷ್ಟ. ಕರೆದರೆ, ಇಷ್ಟೇ ಎಂದು ಮೊದಲೇ ಹೇಳಿಬಿಡು.

ತುರಿನ್‌ನ ಅವಕಾಶ ನನ್ನಿಂದ ತಪ್ಪಿದ್ದರೆ ಅದನ್ನು ತುಂಬಿಕೊಡಲು ನನ್ನ ಹತ್ತಿರ ಏನೂ ಇಲ್ಲ. ಪರದೆಯ ಮೇಲೆ ನನ್ನ ಹೆಸರು ಬರುವಾಗ ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ. ನನ್ನ ಶಿಫಾರಸಿಗೆ ಬೆಲೆ ಎಲ್ಲಿಂದ ಬರಬೇಕು. ನನಗೆ ಗೊತ್ತಿರುವುದು ಒಂದು ತುಣುಕು ಎಲ್ಲಿ ನಿಲ್ಲಬೇಕು ಎಂಬುದೊಂದೇ. ಅದನ್ನೇ ಮಾಡಿದ್ದೇನೆ. ನಿನಗೆ ಅದು ಸಾಲದು ಎಂದೂ ಗೊತ್ತು, ಅದರ ನೋವು ನನಗಿದೆ.

ನಿನ್ನ ತಂದೆ,
ಒಲಿಂದೊ

*

ಫೆರಾರಾ, 23 ನವೆಂಬರ್ 1964

ಅಪ್ಪ,

ಎಲ್ಲರಿಗೂ ಹೇಳಿದೆ. ಬಾಗಿಲು ತೆರೆದಷ್ಟು ಹೊತ್ತು ಇರ್ತೀನಿ, ಆ ಹೊತ್ತಿಗೆ ಸೀನಿದ್ರೆ ನನ್ನನ್ನ ಬೈಬೇಡಿ ಅಂತ. ಆದರೂ ಬೀದಿಗೆ ಬೀದಿಯೇ ಬಂತು. ಅಮ್ಮ ಪೆಟ್ಟಿಗೆಯಿಂದ ಆ ಕೋಟು ತೆಗೆದಳು. ಈಗ ಸೊಂಟದ ಹತ್ತಿರ ಬಿಗಿ, ಗುಂಡಿ ಹಾಕದೆ ಬಂದಳು. ಇದೆಲ್ಮಾ ಬೇಡವೆಂದರೂ ಹೂ ತಂದಿದ್ದಳು, ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಮೊದಲರ್ಧ ಪೂರ್ತಿ ಅವಳ ಬಾಯಿ ನಿಲ್ಲಲಿಲ್ಲ.

ಎರಡನೇ ಅರ್ಧದಲ್ಲಿ ಮೈದುನ ಏರಿಯ ಮೇಲೆ ನಡೆದು ಬಂದ. ಎಷ್ಟು ನಡೆಸಿದ್ದೀಯ ಅವನನ್ನು. ಇದೆಲ್ಮಾ ಕೂಡ ಮಾತು ನಿಲ್ಲಿಸಿದಳು. ಬಾಗಿಲು ಬಡಿದ. ನಾನು ತೆರೆದೆ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡೆ.

ಆಗ ನನಗೆ ಗೊತ್ತಾಯಿತು. ನೀನು ಇಟ್ಟಿರುವುದು ಮೂರನೇ ಸಲ ತೆಗೆದದ್ದು.

ಗಂಡ ಸತ್ತ ಸುದ್ದಿ ತಿಳಿದ ಹೆಂಗಸು ಹಾಗೆ ನೋಡುತ್ತಿದ್ದಾಳೆ ಎಂದು ಟಾಕೀಸಿನವರೆಲ್ಲ ತಿಳಿದರು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅಮ್ಮ ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿ, "ಇದು ನಿಮ್ಮಪ್ಪನ್ನ ನೋಡೋ ಹಾಗಿದೆಯಲ್ಲೇ" ಎಂದಳು. ಅಷ್ಟರಲ್ಲಿ ಪರದೆಯ ಮೇಲೆ ನೀರು ಬಂದಿತ್ತು, ಖಾಲಿ ದೋಣಿ ಬಂದಿತ್ತು.

ನಾನು ತುಟಿ ಬಿಚ್ಚುವುದಕ್ಕೆ ಕೂದಲೆಳೆಯಷ್ಟು ಮುಂಚೆ ಕತ್ತರಿಸಿದ್ದೀಯ. ನನ್ನ ಬಾಯಿಗೆ ಯಾವ ಹೆಂಗಸಿನ ದನಿಯನ್ನೂ ಹಾಕಿಲ್ಲ. ನಿನಗೆ ಆಡಿದ ಮಾತನ್ನು ಊರವರಿಗೆ ಕೊಟ್ಟಿಲ್ಲ. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ತುರಿನ್‌ನಿಂದ ಕಾಗದ ಬಂದಿಲ್ಲ, ಬರದೆಯೂ ಇರಬಹುದು, ಆ ಸಂಕಟ ದಿನಾ ಬೆಳಿಗ್ಗೆ ಹಿಟ್ಟಿನ ಮುಂದೆ ನಿಂತಾಗ ಇದ್ದೇ ಇದೆ. ಆದರೆ ನೀನು ಕತ್ತರಿಸಿದ ಜಾಗ ಸರಿಯಾಗಿದೆ. ನಾನಾಗಿದ್ದರೂ ಅಲ್ಲೇ ಕತ್ತರಿಸುತ್ತಿದ್ದೆ.

ದೀಪ ಹತ್ತಿದಾಗ ಎಲ್ಲರೂ ನನ್ನ ಮುಖವನ್ನೇ ನೋಡಿದರು. ಹೂ ನನ್ನ ಕೈಗೆ ಬಂತು.

ನಿನ್ನ ಕೈಗವಸು ಅಮ್ಮನ ಹತ್ತಿರ ಇದೆ. ಕ್ರಿಸ್‌ಮಸ್‌ಗೆ ಬಾ. ನೀನು ಬರುತ್ತೀಯೆಂದು ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದೇನೆ. ಬರುವುದಿಲ್ಲವಾದರೆ ಮೊದಲೇ ಹೇಳು.

ನಿನ್ನ ಮಗಳು,
ನಿವೆಸ್